ಅಕ್ಕನ್ನ ಕೇಳಿ: ಹೊಡೆದಾಟದ ಸಿನಿಮಾದಲ್ಲಿ ನಗಿಸೋರು ಯಾರು, ನಗೆಪಾಟಲಾಗೋರು ಯಾರು?

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರಿಗೆ ಎರಡೇ ಸಾಲಿನ ಉತ್ತರ ಕೊಟ್ಟಿದ್ದೆ. ಹೊಡೆದಾಟ ಮತ್ತು ತಮಾಷೆ ಸೇರಿಸಿ ಮಾಡುವ ದೊಡ್ಡ ಸಿನಿಮಾಗಳಲ್ಲಿ ಈಗ ಬೇರೆ ಬೇರೆ ಬಣ್ಣದವರು, ಬೇರೆ ಬೇರೆ ಊರಿನವರು, ಹೆಂಗಸರು ಜಾಸ್ತಿ ಕಾಣಿಸುತ್ತಿದ್ದಾರೆ, ಅದು ಒಳ್ಳೆಯದೇ ಅಂತ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತದೆ ಅಂತ ಗೊತ್ತಿರಲಿಲ್ಲ. ಬೈದವರೂ ಇದ್ದಾರೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ. ಅಡಿಕೆ ರೇಟು, ಅತ್ತೆ ಜಗಳ, ಮಗನ ಸಿಇಟಿ ರ‍್ಯಾಂಕು ಎಲ್ಲ ಮುಂದಿನ ಸಲ.

ಪ್ರಶ್ನೆ: ಅಕ್ಕಾ, ನಾನು ತೀರ್ಥಹಳ್ಳಿಯವಳು. ಶಿವಮೊಗ್ಗದಲ್ಲಿ ಪಿಜಿಯಲ್ಲಿದ್ದು ಬಿ.ಕಾಂ ಓದುತ್ತಿದ್ದೇನೆ. ಮೊನ್ನೆ ಗೆಳತಿಯರೆಲ್ಲ ಸೇರಿ ಒಂದು ಇಂಗ್ಲಿಷ್ ಪೊಲೀಸ್ ಕಾಮಿಡಿ ನೋಡಿದೆವು. ಅದರಲ್ಲಿ ಒಬ್ಬ ಕಪ್ಪು ಬಣ್ಣದ ಪೊಲೀಸ್, ಒಬ್ಬ ಚೀನಾದವನು. ನಮ್ಮ ಕ್ಲಾಸಿನ ಹುಡುಗನೊಬ್ಬ, ಇದೆಲ್ಲ ಈಗಿನವರು ಲೆಕ್ಕ ತುಂಬಿಸೋಕೆ ತುರುಕೋದು, ಮೊದಲೆಲ್ಲ ಸಿನಿಮಾ ಸಿನಿಮಾ ಥರ ಇತ್ತು ಅಂತಾನೆ. ಹೌದಾ?

ಅಕ್ಕ: ಆ ಹುಡುಗನಿಗೆ ವಯಸ್ಸೆಷ್ಟು ಮಾರಾಯ್ತಿ, ಇಪ್ಪತ್ತಾ? ಹಾಗಾದರೆ ಅವನು ಹೇಳುವ ಆ "ಮೊದಲು" ಯಾವ ಇಸವಿ ಅಂತ ಒಮ್ಮೆ ಕೇಳು.

ಎಡ್ಡಿ ಮರ್ಫಿ ಅಂತ ಒಬ್ಬ ನಟ. 1982ರಲ್ಲಿ ಬಿಳಿ ಪೊಲೀಸಿನವನ ಜೊತೆ ಅಲೆಯುವ ಕಪ್ಪು ಕೈದಿಯ ಪಾತ್ರದಲ್ಲಿ ಸಿನಿಮಾಗೆ ಬಂದ. ಎರಡು ವರ್ಷ ಬಿಟ್ಟು, 1984ರಲ್ಲಿ ‘ಬೆವರ್ಲಿ ಹಿಲ್ಸ್ ಕಾಪ್’ ಬಂತು. ಮರ್ಫಿಗಿಂತ ಮೊದಲು ಅದಕ್ಕೆ ಗೊತ್ತು ಮಾಡಿದ್ದು ಹೊಡೆದಾಟದ ಬಿಳಿ ಹೀರೋ ಸಿಲ್ವೆಸ್ಟರ್ ಸ್ಟಲೋನ್‌ನನ್ನು. ಅವನು ಕಥೆಯನ್ನು ಬರೀ ಹೊಡೆದಾಟ ಮಾಡಿಟ್ಟು, ಶೂಟಿಂಗ್ ಹತ್ತಿರ ಬಂದಾಗ ಹೊರಗೆ ಹೋದ. ಆ ಜಾಗಕ್ಕೆ ಮರ್ಫಿ ಬಂದ. ಅಲ್ಲಿ ಯಾರೂ ಲೆಕ್ಕ ತುಂಬಿಸಲಿಲ್ಲ. ಹೊಡೆದಾಟದ ಕಥೆ ತಮಾಷೆಯ ಕಥೆ ಆಗಿದ್ದೇ ಅವನು ಬಂದಿದ್ದರಿಂದ.

ಒಂದು ದೃಶ್ಯ ಹೇಳುತ್ತೇನೆ ನೋಡು. ಡೆಟ್ರಾಯಿಟ್‌ನ ಬಡ ಬೀದಿಯ ಪೊಲೀಸ್ ಇವನು, ಜರ್ಕಿನ್ ಹಾಕಿಕೊಂಡು ಭಾರಿ ಶ್ರೀಮಂತರ ಹೋಟೆಲಿಗೆ ಬರುತ್ತಾನೆ. ರೂಮ್ ಖಾಲಿ ಇಲ್ಲ ಅನ್ನುತ್ತಾರೆ. ತಕ್ಷಣ ಇವನು, ನಾನು ಪತ್ರಿಕೆಯವನು, ಮೈಕಲ್ ಜಾಕ್ಸನ್ ಸಂದರ್ಶನಕ್ಕೆ ಬಂದಿದ್ದೇನೆ ಅಂತ ಹಸಿಹಸಿ ಸುಳ್ಳು ಶುರು ಮಾಡುತ್ತಾನೆ. ನನ್ನ ಬಣ್ಣ ನೋಡಿ ರೂಮ್ ಇಲ್ಲ ಅಂತಿದ್ದೀರಲ್ಲ ಅನ್ನುವುದನ್ನು ಇಡೀ ಲಾಬಿಗೆ ಕೇಳುವ ಹಾಗೆ ಕೂಗುತ್ತಾನೆ. ಅಲ್ಲಿಯವರಿಗೆ ಮರ್ಯಾದೆ ಪ್ರಶ್ನೆ. ಸಣ್ಣ ರೂಮಿನ ರೇಟಿಗೆ ದೊಡ್ಡ ಸೂಟ್ ಕೊಟ್ಟು ಕಳಿಸುತ್ತಾರೆ. ಇಲ್ಲಿ ನಗು ಯಾರ ಮೇಲೆ? ಅವನ ಬಣ್ಣದ ಮೇಲಲ್ಲ. ಬಣ್ಣ ನೋಡಿ ಮೂಗು ಮುರಿದವರ ಮೇಲೆ. ಜೋಕು ಅವನ ಕೈಲಿದೆ.

ನಾನು ಇಂಥ ಸಿನಿಮಾ ನೋಡುವಾಗ ಇದೊಂದನ್ನೇ ಗಮನಿಸುವುದು. ಪೋಸ್ಟರಿನಲ್ಲಿ ಎಷ್ಟು ಬಣ್ಣದ ಮುಖ ಇವೆ ಅಂತ ಎಣಿಸಿ ಏನೂ ಉಪಯೋಗ ಇಲ್ಲ. ಜೋಕು ಹೊಡೆಯುವವರು ಯಾರು, ಜೋಕಿಗೆ ಗುರಿಯಾಗುವವರು ಯಾರು, ಅದು ಮುಖ್ಯ.

ಇನ್ನು ಕಪ್ಪು ಪೊಲೀಸ್, ಚೀನಾದ ಪೊಲೀಸ್ ಜೋಡಿ ಅಂದೆಯಲ್ಲ. ನೀವು ನೋಡಿದ್ದು ಯಾವುದೋ ನನಗೆ ಗೊತ್ತಿಲ್ಲ, ಆದರೆ ಆ ಅಚ್ಚು ತೆಗೆದಿದ್ದು 1998ರ ‘ರಷ್ ಅವರ್’. ಜಾಕಿ ಚಾನ್ ವಿಮಾನ ಇಳಿದು ಬರುತ್ತಾನೆ. ಕಪ್ಪು ಪೊಲೀಸ್ ಪಾತ್ರದ ಕ್ರಿಸ್ ಟಕರ್ ಅವನಿಗೆ ಕಿವುಡರಿಗೆ ಹೇಳುವ ಹಾಗೆ ಗಟ್ಟಿಯಾಗಿ, ಒಂದೊಂದೇ ಶಬ್ದ ಬಿಡಿಸಿ ಇಂಗ್ಲಿಷ್ ಮಾತಾಡುತ್ತಾನೆ. ಚಾನ್ ಸುಮ್ನೆ ಹಲ್ಲು ಬಿಡುತ್ತಾನೆ. ನಾವು ಚಾನ್‌ನನ್ನು ನೋಡಿ ನಗುತ್ತೇವೆ. ಆಮೇಲೆ ಗೊತ್ತಾಗುತ್ತದೆ, ಅವನಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ. ಬರಲ್ಲ ಅಂತ ನಾನೆಲ್ಲಿ ಹೇಳಿದೆ, ನೀನೇ ಅಂದುಕೊಂಡೆ ಅನ್ನುತ್ತಾನೆ. ನಗು ತಿರುಗಿ ಟಕರ್ ಮೇಲೆ, ಅವನ ಜೊತೆ ನಗುತ್ತಿದ್ದ ನಮ್ಮ ಮೇಲೂ ಬೀಳುತ್ತದೆ.

ನಮ್ಮಲ್ಲಿ ನಡೆಯಲ್ವಾ ಇದು? ಆಗುಂಬೆ ಕಡೆ ನೆಂಟರ ಹೋಂಸ್ಟೇಯಲ್ಲಿ ಒಬ್ಬರು ಅಡುಗೆಯವರಿದ್ದಾರೆ. ಮಳೆ ನೋಡಲು ಬಂದವರು ಅವರಿಗೆ "ಗರಂ... ಪಾನಿ..." ಅಂತ ಕೈಸನ್ನೆ ಮಾಡಿ ಕೂಗುತ್ತಾರೆ. ಅವರು ಬೆಂಗಳೂರಿನ ಕ್ಯಾಂಟೀನಿನಲ್ಲಿ ಹತ್ತು ವರ್ಷ ದುಡಿದು ಬಂದವರು. ಸುಮ್ಮನೆ ಕೇಳಿಸಿಕೊಂಡು, ಬಿಸಿನೀರು ತಂದಿಟ್ಟು, ಅಚ್ಚ ಹಿಂದಿಯಲ್ಲಿ "ಸಾಬ್, ಕಿವಿ ನಂದು ಸರಿ ಇದೆ" ಅನ್ನುತ್ತಾರೆ. ಪ್ರತಿ ಸಲ ಬಂದ ಗುಂಪಿಗೆ ಇದೇ. ಅವರಿಗೆ ಅದೊಂದು ಮಜಾ.

ಹಾಗಂತ ‘ರಷ್ ಅವರ್’ ಪೂರ್ತಿ ಸಾಚಾ ಅಂತಲ್ಲ. ಚೀನಾದವರ ಊಟ, ಮುಖ, ಹೆಸರು ಹಿಡಿದು ಆಡಿಕೊಳ್ಳುವ ಜೋಕುಗಳೂ ಅದರಲ್ಲೇ ಇವೆ. ಈಗ ನೋಡಿದರೆ ಹಲ್ಲಿಗೆ ಕಲ್ಲು ಸಿಕ್ಕಿದ ಹಾಗಾಗುತ್ತದೆ. ಎರಡೂ ಒಂದೇ ಸಿನಿಮಾದಲ್ಲಿ ಇರಬಹುದು. ಆ ಹುಡುಗನಿಗೆ ಇದನ್ನೂ ಹೇಳು.

ಪ್ರಶ್ನೆ: ನಮ್ಮ ಯಜಮಾನರು ಹೆಂಗಸರು ಹೊಡೆದಾಡುವ ಸಿನಿಮಾ ಹಾಕಿದರೆ ಸಾಕು, ನಗುತ್ತಾರೆ. ನಂಬೋಕಾಗಲ್ಲ ಅಂತಾರೆ. ಏನು ಹೇಳಲಿ? (ಗೃಹಿಣಿ, ಹೊಸನಗರ)

ಅಕ್ಕ: ಅಲ್ಲಾ, ಹೀರೋ ಒಂದು ಒದೆ ಕೊಟ್ಟರೆ ಹನ್ನೆರಡು ಜನ ಗಾಳಿಯಲ್ಲಿ ಹಾರಿ, ಜೊತೆಗೊಂದು ಜೀಪೂ ಹಾರುತ್ತದಲ್ಲ, ಅದನ್ನು ಹೇಗೆ ನಂಬುತ್ತಾರಂತೆ? ಆ ಗುಟ್ಟು ಗೊತ್ತಾದರೆ ನನಗೂ ಬರೆಯಿರಿ.

ನಿಮ್ಮ ಯಜಮಾನರು ನನ್ನ ವಾರಿಗೆಯವರಾದರೆ ಮಾಲಾಶ್ರೀ ಸಿನಿಮಾಗೆ ಸೀಟಿ ಹೊಡೆದೇ ಇರುತ್ತಾರೆ. 1989ರಲ್ಲಿ ‘ನಂಜುಂಡಿ ಕಲ್ಯಾಣ’ದಲ್ಲಿ ನಗಿಸಿ ಗೆದ್ದರು, ಆಮೇಲೆ ಹೊಡೆದಾಟಕ್ಕೆ ಇಳಿದರು, 2004ರ ‘ದುರ್ಗಿ’ ತನಕವೂ ಗೂಂಡಾಗಳನ್ನು ಅಟ್ಟಾಡಿಸಿದರು. ಯಾರೂ ನಂಬೋಕಾಗಲ್ಲ ಅನ್ನಲಿಲ್ಲ. ಟಿಕೆಟ್ ತಗೊಂಡು ನೋಡಿದರು. ಹಾಗಾಗಿ ಇದೇನೋ ಫಾರಿನ್‌ನಿಂದ ಬಂದ ಹೊಸ ಫ್ಯಾಷನ್ ಅನ್ನೋದು ಬೇಡ.

ನಿಜವಾದ ಕೊರತೆ ಬೇರೆ ಇದೆ. ಹೊಡೆದಾಡೋಕೆ ಬಿಡುತ್ತಾರೆ, ನಗಿಸೋಕೆ ಬಿಡಲ್ಲ. ಹೊಡೆದಾಡುವ ಹೆಂಗಸು ಅಂದರೆ ಮುಖ ಗಂಟಿಕ್ಕಿಕೊಂಡು ದೇವಿಯ ಅವತಾರದ ಥರ ಇರಬೇಕು. ಕಾಲು ಜಾರಿ ಬೀಳುವ, ಪೆದ್ದು ಪೆದ್ದಾಗಿ ಮಾತಾಡಿ ಕೊನೆಗೆ ಗೆಲ್ಲುವ ಭಾಗ್ಯ ಗಂಡಸಿಗೆ ಮಾತ್ರ. 2015ರ ‘ಸ್ಪೈ’ ಸಿಕ್ಕಿದರೆ ಯಜಮಾನರ ಜೊತೆ ಕೂತು ನೋಡಿ. ಮೆಲಿಸ್ಸಾ ಮೆಕಾರ್ತಿ ಗೂಢಚಾರರ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು, ಮೈಕೈ ತುಂಬಿಕೊಂಡ ಹೆಂಗಸು. ಅವಳನ್ನು ಕೆಲಸಕ್ಕೆ ಕಳಿಸುತ್ತಾರೆ. ದಪ್ಪಗಿದ್ದಾಳೆ ಅನ್ನುವುದೇ ಜೋಕು ಇರಬೇಕು ಅಂದುಕೊಂಡು ಕೂತೆ. ಅಲ್ಲ. ಅವಳನ್ನು ಯಾರೂ ಲೆಕ್ಕಕ್ಕೇ ಇಡಲ್ಲ, ಅದರಿಂದಲೇ ಅವಳು ಎಲ್ಲಿ ಬೇಕಾದರೂ ನುಗ್ಗುತ್ತಾಳೆ. ಬಾಯಿ ತೆರೆದರೆ ಬಡಾಯಿ ಕೊಚ್ಚುವ ಗಂಡು ಗೂಢಚಾರನಿಗೇ ಎಲ್ಲ ಏಟು.

ಇನ್ನೊಂದು, ‘ಎವೆರಿಥಿಂಗ್ ಎವೆರಿವೇರ್ ಆಲ್ ಅಟ್ ಒನ್ಸ್’, 2022. ಬಟ್ಟೆ ತೊಳೆಯುವ ಅಂಗಡಿ ಇಟ್ಟುಕೊಂಡ, ತೆರಿಗೆ ಆಫೀಸಿಗೆ ಅಲೆದು ಸುಸ್ತಾದ ಚೀನೀ ಹೆಂಗಸಿನ ಕಥೆ. ಮೊದಲು ಅದನ್ನು ಜಾಕಿ ಚಾನ್‌ಗೆ ಅಂತಲೇ ಯೋಚಿಸಿದ್ದರಂತೆ. ಆಮೇಲೆ ತಿರುಗಿಸಿ ನಟಿ ಮಿಶೆಲ್ ಯೋ ಅವರಿಗಾಗಿ ಬರೆದರು. 2023ರಲ್ಲಿ ಅವರಿಗೆ ಆಸ್ಕರ್ ಬಂತು. ಗಂಡನ ಪಾತ್ರ ಮಾಡಿದ ಕೀ ಹುಯ್ ಕ್ವಾನ್ ಅವರದು ಅದಕ್ಕಿಂತ ಸೋಜಿಗ. 1984ರ ಸಿನಿಮಾದಲ್ಲಿ ಸಾಹಸಿ ಇಂಡಿಯಾನಾ ಜೋನ್ಸ್ ಜೊತೆ ಓಡಾಡುತ್ತಿದ್ದ ಚಿಕ್ಕ ಹುಡುಗ ಅವರೇ. ದೊಡ್ಡವರಾದ ಮೇಲೆ ಆ ಮುಖಕ್ಕೆ ಪಾತ್ರವೇ ಇಲ್ಲ ಅಂತ ನಟನೆ ಬಿಟ್ಟು, ತೆರೆಯ ಹಿಂದೆ ಹೊಡೆದಾಟ ಕಲಿಸುವ ಕೆಲಸಕ್ಕೆ ಸೇರಿದ್ದರು. ಈ ಸಿನಿಮಾದಲ್ಲಿ ಅವರು ಹೊಡೆದಾಡುವುದು ಸೊಂಟಕ್ಕೆ ಕಟ್ಟಿದ ಚೀಲ ಬಿಚ್ಚಿ ಬೀಸಿ. ನಮ್ಮ ಕಡೆ ಅಜ್ಜಂದಿರ ಕವಳದ, ಅಂದರೆ ಎಲೆಅಡಿಕೆಯ ಸಂಚಿ ಇರುತ್ತದಲ್ಲ, ಅಷ್ಟೇ ಸಾದಾ ಚೀಲ. ಅದೂ ಆಸ್ಕರ್ ತಂತು.

ಹೋದ ವರ್ಷ ಸಾಗರದ ಹತ್ತಿರ ನಮ್ಮ ತವರಿನಲ್ಲಿ ಅಡಿಕೆ ಸುಲಿಯುವಾಗ ಇದನ್ನೇ ಹಾಕಿದ್ದೆ. ರಾತ್ರಿ, ಚಪ್ಪರದ ಕೆಳಗೆ ಹತ್ತು ಹನ್ನೆರಡು ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತಿದ್ದರು. ಫೋನನ್ನು ಅಡಿಕೆ ಡಬ್ಬಕ್ಕೆ ಒರಗಿಸಿ ಇಟ್ಟಿದ್ದೆ. ಭಾಷೆ ಯಾರಿಗೂ ಬರಲ್ಲ. ಡಬ್ಬದ ಲೆಕ್ಕದಲ್ಲಿ ದುಡ್ಡು, ಹಾಗಾಗಿ ಕೈ ನಿಲ್ಲಿಸಿ ನೋಡುವ ಹಾಗೂ ಇಲ್ಲ. ಕ್ವಾನ್ ಚೀಲ ಬೀಸಿದಾಗ ಮಾತ್ರ ಅಷ್ಟೂ ಜನರ ಕೈ ಒಟ್ಟಿಗೆ ನಿಂತಿತು. ಆಮೇಲೆ ಮಿಶೆಲ್ ಯೋ ರಸೀದಿ ರಾಶಿ ಹಿಡಿದು ಆಫೀಸರ್ ಎದುರು ಕೂತಿದ್ದು ನೋಡಿ ಒಬ್ಬರು "ಇವ್ಳಿಗೂ ಸಂಘದ ಸಾಲ ಇರ್ಬೇಕು ಕಣೇ" ಅಂದರು. ಅಷ್ಟು ದೊಡ್ಡ ನಗೆ ಆ ಅಂಗಳದಲ್ಲಿ ಆ ಸುಗ್ಗಿಯಲ್ಲಿ ಮತ್ತೆ ಕೇಳಲಿಲ್ಲ.

ಪ್ರಶ್ನೆ: ನಮ್ಮ ಕನ್ನಡ ಸಿನಿಮಾದಲ್ಲಿ ಹೀರೋ ಬೆಂಗಳೂರು ಮೈಸೂರು ಭಾಷೆ ಮಾತಾಡುತ್ತಾನೆ. ಮಂಗಳೂರಿನವನು, ಹುಬ್ಬಳ್ಳಿಯವನು ಬಂದರೆ ಅದು ಕಾಮಿಡಿ. ಮಲೆನಾಡಿನ ಮಾತಂತೂ ಇಲ್ಲವೇ ಇಲ್ಲ. ನಾವೇನು ಕಾಡಿನಲ್ಲಿ ಮೂಕರಾ? (ನಿವೃತ್ತ ಮೇಷ್ಟ್ರು, ಕೊಪ್ಪ)

ಅಕ್ಕ: ಮೇಷ್ಟ್ರೇ, ನಮಸ್ಕಾರ. ಸಿಟ್ಟು ಸರಿಯೇ ಇದೆ. ಎಷ್ಟೋ ವರ್ಷ ಹಾಗೇ ನಡೆಯಿತು. ಹೋಟೆಲ್ ಭಟ್ಟರು ಅಂದರೆ ಪುಸ್ತಕದ ಕನ್ನಡ, "ಎಂತ ಮಾರಾಯ್ರೆ". ಪೈಲ್ವಾನ ಅಂದರೆ "ಏನ್ಲೇ ಮಗನ". ಅವರು ಬಾಯಿ ತೆರೆದ ಕೂಡಲೇ ಜನ ನಗಬೇಕು ಅನ್ನುವುದೇ ಸೂತ್ರ. ಮಾತಲ್ಲಿ ತಮಾಷೆ ಇದೆಯೋ ಇಲ್ಲವೋ, ಯಾರಿಗೆ ಬೇಕು.

ಕರಾವಳಿಯವರು ಇದನ್ನು ತಾವೇ ಮುರಿದರು, ಇನ್ನೊಬ್ಬರಿಗೆ ಕಾಯಲಿಲ್ಲ. 2014ರ ‘ಉಳಿದವರು ಕಂಡಂತೆ’ಯಲ್ಲಿ ಅಲ್ಲಿನ ಮಾತೇ ರೌಡಿಯ ಮಾತು, ಪ್ರೀತಿಯ ಮಾತು, ಸಾವಿನ ಮಾತೂ ಆಯಿತು. 2022ರಲ್ಲಿ ‘ಕಾಂತಾರ’ ಬಂದಾಗ ಶಿವಮೊಗ್ಗದ ಹುಡುಗರೂ ಆ ಧಾಟಿಯಲ್ಲಿ ಮಾತಾಡಿಕೊಂಡು ಓಡಾಡಿದರು. ಅದರಲ್ಲೂ ನಗು ಬೇಕಾದಷ್ಟಿದೆ. ಆದರೆ ಉಚ್ಚಾರಣೆಗೆ ನಗಲ್ಲ, ಆ ಜನ ಒಬ್ಬರನ್ನೊಬ್ಬರು ಕಿಚಾಯಿಸುವುದಕ್ಕೆ ನಗುತ್ತೇವೆ.

ಮಲೆನಾಡಿನದು ಅಷ್ಟು ಸುಲಭ ಅಲ್ಲ ಅಂತ ನನಗನ್ನಿಸುತ್ತದೆ. ನಮ್ಮ ತಮಾಷೆಗೆ ಗದ್ದಲ ಇಲ್ಲ. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಿಸದೆ, ಕವಳ ಬಾಯಲ್ಲಿಟ್ಟುಕೊಂಡು, "ಹೌದನಾ" ಅಂದುಬಿಟ್ಟರೆ ಎದುರಿನವನು ಮನೆಗೆ ಹೋಗಿ ಊಟ ಮಾಡುವಾಗ ತನ್ನ ಕಾಲೆಳೆದರು ಅಂತ ಗೊತ್ತಾಗುವುದು. ಇದನ್ನು ಟ್ರೇಲರಿಗೆ ಹಾಕುವುದು ಹೇಗೆ? ತೇಜಸ್ವಿಯವರ ಕಥೆಯಿಂದ 2023ರಲ್ಲಿ ‘ಡೇರ್‌ಡೆವಿಲ್ ಮುಸ್ತಾಫಾ’ ಮಾಡಿದವರು ಸ್ವಲ್ಪ ಹತ್ತಿರ ಹೋದರು. ಮಲೆನಾಡಿನ ಸಣ್ಣ ಊರಿನ ಕಾಲೇಜು, ಆ ಕ್ಲಾಸಿಗೆ ಬಂದು ಸೇರುವ ಒಬ್ಬನೇ ಮುಸ್ಲಿಂ ಹುಡುಗ. ಹೊಡೆದಾಟದ ಸಿನಿಮಾ ಅಲ್ಲ ಬಿಡಿ. ಆದರೆ ಅಲ್ಲಿ ನಗು ಹುಟ್ಟುವುದು ಮುಸ್ತಾಫಾನಿಂದಲ್ಲ. ಅವನ ಬಗ್ಗೆ ಉಳಿದ ಹುಡುಗರು ತಲೆಯೊಳಗೆ ಕಟ್ಟಿಕೊಂಡ ಕಥೆಗಳಿಂದ. ಅದಕ್ಕೇ ನನಗೆ ಇಷ್ಟ.

ಪ್ರಶ್ನೆ: ಸಿದ್ದಿ ಜನಾಂಗದವರನ್ನು ಸಿನಿಮಾದವರು ಬರೀ ರೌಡಿ ಗುಂಪಿಗೆ, ಇಲ್ಲಾಂದ್ರೆ ಆಫ್ರಿಕಾದವರು ಅಂತ ತೋರಿಸೋಕೆ ಕರೆಯುತ್ತಾರೆ ಅಂತ ನನ್ನ ಗೆಳೆಯ ಬೇಜಾರು ಮಾಡಿಕೊಂಡ. ಅವನು ಯಲ್ಲಾಪುರದ ಕಡೆಯವನು. (ಸೊರಬ)

ಅಕ್ಕ: ನಿಮ್ಮ ಗೆಳೆಯನ ಬೇಜಾರು ದೊಡ್ಡದು. ಸಿದ್ದಿಗಳು ಆಫ್ರಿಕಾ ಮೂಲದವರಾದರೂ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ತಲೆಮಾರುಗಳಿಂದ ಬದುಕಿದ ಜನ. ಕನ್ನಡ, ಕೊಂಕಣಿ ಎರಡೂ ಆಡುತ್ತಾರೆ. ಅವರನ್ನು ಪರಿಶಿಷ್ಟ ಪಂಗಡ ಅಂತ ಸರಕಾರ ಪಟ್ಟಿಗೆ ಸೇರಿಸಿದ್ದೇ 2003ರಲ್ಲಿ. ಬೆಂಗಳೂರಿನ ಬಸ್ಸಿನಲ್ಲಿ ಈಗಲೂ ಅವರನ್ನು "ಯಾವ ದೇಶ" ಅಂತ ಕೇಳುತ್ತಾರೆ. ಆ ಪ್ರಶ್ನೆಯನ್ನೇ ಸಿನಿಮಾದವರೂ ಕೇಳಿದರೆ ಇನ್ನೇನು ಪಾತ್ರ ಸಿಗುತ್ತದೆ?

ಆದರೆ ನಮ್ಮ ಜಿಲ್ಲೆಯಲ್ಲೇ ಬೇರೆ ದಾರಿಯೂ ಶುರುವಾಗಿತ್ತು ಅನ್ನುವುದನ್ನು ಅವನಿಗೆ ನೆನಪಿಸಿ. ಹೆಗ್ಗೋಡಿನ ನೀನಾಸಂನವರು ಮಂಚಿಕೇರಿಗೆ ಹೋಗಿ, ಸಿದ್ದಿಗಳ ಜೊತೆಯಲ್ಲೇ ಇದ್ದು ನಾಟಕ ಕಟ್ಟಿದರು. ನೈಜೀರಿಯಾದ ಲೇಖಕ ಚಿನುವಾ ಅಚಿಬೆಯ ಕಾದಂಬರಿಯೊಂದು ಕನ್ನಡದ ನಾಟಕವಾಗಿ, ಅದನ್ನು ಸಿದ್ದಿಗಳೇ ಆಡಿದರು. ಆಮೇಲೆ ಆ ಸಮುದಾಯದವರು ಹೆಗ್ಗೋಡಿಗೇ ಬಂದು ರಂಗಶಿಕ್ಷಣ ಪಡೆದರು. ನಟ ಪ್ರಶಾಂತ್ ಸಿದ್ದಿ, ನಟಿ-ಗಾಯಕಿ ಗಿರಿಜಾ ಸಿದ್ದಿ ಇಬ್ಬರೂ ಆ ಅಂಗಳದಿಂದ ಹೊರಟವರೇ. 2021ರ ‘ಸಲಗ’ದಲ್ಲಿ ಸಿದ್ದಿಗಳು ಹಾಡಿದ ಹಾಡು ಸಿನಿಮಾ ಬಿಡುಗಡೆಗೂ ಮೊದಲೇ ಊರೂರಿನ ಮೈಕಿನಲ್ಲಿ ಕೂಗುತ್ತಿತ್ತು. ಗಣಪತಿ ಪೆಂಡಾಲಿನಲ್ಲಿ ಕುಣಿದವರಿಗೆ ಅದು ಯಾರ ದನಿ ಅಂತ ಗೊತ್ತಿತ್ತೋ ಇಲ್ಲವೋ, ಕಾಲಂತೂ ನಿಲ್ಲಲಿಲ್ಲ.

ನನ್ನ ತಕರಾರು ಒಂದೇ. ಹಾಡಿಗೆ ಕರೆದಿರಿ, ಸರಿ. ಗೆಳೆಯನ ಪಾತ್ರಕ್ಕೆ ಕರೆದಿರಿ, ಅದೂ ಸರಿ. ಒಬ್ಬ ಸಿದ್ದಿ ಹುಡುಗ ತಾಲೂಕು ಆಫೀಸಿನ ಕ್ಲರ್ಕ್ ಆಗಿ, ಎಲ್ಲರನ್ನೂ ಗೋಳು ಹೊಯ್ದುಕೊಳ್ಳುವ ಕಾಮಿಡಿ ಯಾವಾಗ ಬರೆಯುತ್ತೀರಿ? ಅವನು ಸಿದ್ದಿ ಅನ್ನುವ ಮಾತೇ ಇಡೀ ಸಿನಿಮಾದಲ್ಲಿ ಬಾರದ ಹಾಗೆ?

ಪ್ರಶ್ನೆ: ಹೆಂಗಸರ ಪಾತ್ರ ಅಳೆಯೋಕೆ ಏನೋ ಪರೀಕ್ಷೆ ಇದೆಯಂತಲ್ಲ? (ಭದ್ರಾವತಿ)

ಅಕ್ಕ: ಇದೆ. ಆಲಿಸನ್ ಬೆಕ್ಡೆಲ್ ಅನ್ನುವ ಅಮೆರಿಕದ ಚಿತ್ರಗಾರ್ತಿ 1985ರಲ್ಲಿ ತನ್ನ ಕಾಮಿಕ್ಸಿನಲ್ಲಿ ಬರೆದದ್ದು. ಸಿನಿಮಾದಲ್ಲಿ ಕಡೇಪಕ್ಷ ಇಬ್ಬರು ಹೆಂಗಸರಿರಬೇಕು, ಅವರು ಪರಸ್ಪರ ಮಾತಾಡಬೇಕು, ಆ ಮಾತು ಗಂಡಸಿನ ಬಗ್ಗೆ ಇರಬಾರದು. ತಮಾಷೆಗೆ ಹೇಳಿದ್ದು, ಜನ ಗಂಭೀರ ಮಾಡಿಕೊಂಡರು. ನಿಮ್ಮ ಮೆಚ್ಚಿನ ಹತ್ತು ಸಿನಿಮಾಕ್ಕೆ ಹಚ್ಚಿ ನೋಡಿ. ಪಾಸಾದವನ್ನು ಎಣಿಸೋಕೆ ಒಂದು ಕೈ ಸಾಕಾಗಬಹುದು. ಪಾಸಾದ ಮಾತ್ರಕ್ಕೆ ಸಿನಿಮಾ ಒಳ್ಳೆಯದು ಅಂತೇನೂ ಇಲ್ಲ. ಇಬ್ಬರು ಹೆಂಗಸರು ಸೀರೆ ಬಣ್ಣ ಮಾತಾಡಿದರೂ ಪಾಸೇ.

ಪ್ರಶ್ನೆ: ಅಕ್ಕಾ, ಬೇಜಾರು ಮಾಡ್ಕೋಬೇಡಿ. ಹೀಗೆ ಎಲ್ಲಾನೂ ಬಗೆದು ನೋಡಿದರೆ ಸಿನಿಮಾ ಮಜಾ ಹಾಳಾಗಲ್ವಾ? ಎರಡು ಗಂಟೆ ನಕ್ಕು ಬರೋಣ ಅಂತ ತಾನೇ ಹೋಗೋದು? (ಆಟೋ ಓಡಿಸುವವರು, ಶಿವಮೊಗ್ಗ)

ಅಕ್ಕ: ಬೇಜಾರೇನಿಲ್ಲ ಅಣ್ಣಾ. ನಾನೂ ನಗೋಕೇ ಹೋಗೋದು. ಯಕ್ಷಗಾನದಲ್ಲಿ ಹಾಸ್ಯಗಾರರು ಬರುವ ತನಕ ತೂಕಡಿಸಿ, ಅವರು ಬಂದಾಗ ಎಚ್ಚರ ಆಗುತ್ತಿದ್ದವಳು ನಾನು. ದೂತನ ವೇಷದಲ್ಲಿ ಬಂದು ರಾಜನ ಎದುರೇ ನಿಂತು ರಾಜನ ಕಾಲೆಳೆಯುತ್ತಾರಲ್ಲ, ಅದಕ್ಕಿಂತ ಮಜಾ ಯಾವುದಿದೆ?

ಆದರೆ ಒಂದು ಸಂಜೆಯದ್ದು ಹೇಳುತ್ತೇನೆ. ನಮ್ಮ ಚಿಕ್ಕಪ್ಪನ ಮಗನಿಗೆ ಸ್ವಲ್ಪ ಉಗ್ಗು. ಆಳು ಗಟ್ಟಿಗ, ಕೆಲಸದಲ್ಲಿ ಚುರುಕು, ಅಂಗಡಿ ವ್ಯವಹಾರವೆಲ್ಲ ಅವನದೇ. ಒಂದಿನ ಅವನನ್ನೂ ಕರಕೊಂಡು ಊರಿನ ಥಿಯೇಟರಿಗೆ ಹೋಗಿದ್ದೆ. ಹೊಡೆದಾಟದ ಕಾಮಿಡಿ. ಹೀರೋನ ಬಲಗೈ ಬಂಟನಿಗೆ ಉಗ್ಗು. ಅವನು ಫೋನಿನಲ್ಲಿ "ಬಾಂಬ್ ಇದೆ" ಅಂತ ಹೇಳಬೇಕು, ‘ಬ’ ಬರಲ್ಲ, ಬಾಂಬ್ ಸಿಡಿಯುತ್ತದೆ. ಇಡೀ ಥಿಯೇಟರ್ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ನನ್ನ ಪಕ್ಕದಲ್ಲಿ ಅವನು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಇಂಟರ್‌ವಲ್‌ನಲ್ಲಿ ಹೊರಗೆ ಬಂದೆವು. ಅವನಿಗೆ ಪಫ್ಸ್ ಇಷ್ಟ. ಯಾವಾಗಲೂ ತಾನೇ ಹೋಗಿ ತರುವವನು. ‘ಪ’ ಅವನಿಗೆ ಕಷ್ಟದ ಅಕ್ಷರ, ಆದರೂ ಎರಡು ಸಲ ತಡೆದು ಹೇಳಿಬಿಡುತ್ತಿದ್ದ, ನಾಚಿಕೆ ಪಟ್ಟವನಲ್ಲ. ಅವತ್ತು ಕೌಂಟರಿನ ಮುಂದೆ ನಿಂತು ಬಾಯಿ ತೆರೆಯಲಿಲ್ಲ. ಗಾಜಿನ ಒಳಗೆ ಬೆರಳು ತೋರಿಸಿ, ಎರಡು ಅಂತ ಕೈಯಲ್ಲೇ ಹೇಳಿದ. ಹಿಂದೆ ಲೈನಿನಲ್ಲಿದ್ದವರು ಇನ್ನೂ ಆ ಬಾಂಬ್ ಸೀನನ್ನೇ ಅನುಕರಿಸಿ ನಗುತ್ತಿದ್ದರು.

ಅವತ್ತಿನಿಂದ ನಾನು ಸಿನಿಮಾ ನೋಡುವುದು ಬಿಟ್ಟಿಲ್ಲ, ಅವನೂ ಬಿಟ್ಟಿಲ್ಲ. ಪಕ್ಕದ ಸೀಟನ್ನು ಒಮ್ಮೆ ನೋಡುವ ಅಭ್ಯಾಸ ಆಗಿದೆ, ಅಷ್ಟೇ.

ಪ್ರಶ್ನೆ: ನಿಮ್ಮ ಕೈಗೆ ದುಡ್ಡು ಕೊಟ್ಟು ಸಿನಿಮಾ ಮಾಡಿ ಅಂದರೆ ಹೀರೋ ಯಾರು? (ರಿಪ್ಪನ್‌ಪೇಟೆ)

ಅಕ್ಕ: ಕಥೆ ರೆಡಿ ಇದೆ, ದುಡ್ಡು ಯಾರು ಕೊಡುತ್ತೀರಿ? ಸುಗ್ಗಿ ಕಾಲ, ಕಣದಿಂದ ಒಣಗಿದ ಅಡಿಕೆ ಕಳುವಾಗುತ್ತದೆ. ಸುಲಿಯೋಕೆ ಬಂದ ಐವತ್ತೈದು ವರ್ಷದ ಹೆಂಗಸು ಕಳ್ಳರ ಓಮ್ನಿಯನ್ನು ಕಡೇ ಬಸ್ಸಿನಲ್ಲಿ ಬೆನ್ನಟ್ಟುತ್ತಾಳೆ. ಬಸ್ಸಿನ ಕಂಡಕ್ಟರ್‌ಗೆ ಉಗ್ಗು. ಅವನು ಇಡೀ ಸಿನಿಮಾದಲ್ಲಿ ಎಲ್ಲರನ್ನೂ ಗೇಲಿ ಮಾಡುತ್ತಾನೆ, ಯಾರಿಗೂ ತಿರುಗಿ ಹೇಳೋಕೆ ಆಗಲ್ಲ, ಅಷ್ಟು ಹರಿತದ ಬಾಯಿ. ಕ್ಲೈಮ್ಯಾಕ್ಸ್ ಆಗುಂಬೆ ಘಾಟಿಯ ತಿರುವಿನಲ್ಲಿ, ಮಳೆಯಲ್ಲಿ. ಸುಗ್ಗಿಯಲ್ಲಿ ಮಳೆ ಎಲ್ಲಿಂದ ಬಂತು ಅಂತ ಕೇಳಬೇಡಿ, ಈಗ ಅದೂ ಬರುತ್ತದೆ. ಮೆಟ್ಟುಗತ್ತಿ ಹಿಡಿಸಿದರೆ ಸೆನ್ಸಾರಿನವರು ಬಿಡಲ್ಲ, ಹಾಗಾಗಿ ಅವಳ ಆಯುಧ ಅಡಿಕೆ ಡಬ್ಬ. ಪೂರ್ತಿ ತುಂಬಿದ್ದು.